ಎರಡು ಕೊಳಗಗಳ ನ್ಯಾಯ

ಕೊಳ್ಳುವಾಗ ಒಂದು ಕೊಳಗ, ಅಳೆದು ಕೊಡುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ವರ್ತಕನನ್ನು ಸಂತೆಯ ಜನ ಬೇಗನೆ ಗುರುತಿಸಿ ದೂರವಿಡುತ್ತಾರೆ. ರಾಷ್ಟ್ರಗಳ ಸಂತೆಯಲ್ಲಿ ಮಾತ್ರ ಅಂಥವನ ಮರ್ಯಾದೆಗೆ ಕುಂದುಂಟಾಗುವುದಿಲ್ಲ. ಪರರಾಷ್ಟ್ರದ ವಿರುದ್ಧ ಸೈನ್ಯಬಲವನ್ನು ಪ್ರಯೋಗಿಸಲಾಗದೆಂಬುದು ವಿಶ್ವಸಂಸ್ಥೆಯ ಸನ್ನದಿನ ಎರಡನೆಯ ವಿಧಿಯಲ್ಲಿಯೇ ಉಕ್ತವಾಗಿದೆ. ಆ ವಿಧಿಯನ್ನು ಯಾರ ವಿರುದ್ಧ ಉಚ್ಚರಿಸಬೇಕು, ಯಾರ ವಿಷಯದಲ್ಲಿ ಮರೆಯಬೇಕು ಎಂಬುದನ್ನು ಮಾತ್ರ ಆಯಾ ಕಾಲದ ಸ್ನೇಹವೈರಗಳು ನಿರ್ಣಯಿಸುತ್ತ ಬಂದಿವೆ. 1979ನೆಯ ಇಸವಿಯ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕಾಂಬೋಡಿಯದಲ್ಲಿ 1975ರ ಏಪ್ರಿಲ್ 17ರಂದು ಅಧಿಕಾರ ಹಿಡಿದ ಪೋಲ್ ಪಾಟನ ಖ್ಮೇರ್ ರೂಜ್ ಪಕ್ಷವು ನಗರಗಳನ್ನು ಬರಿದು ಮಾಡಿತು, ನಾಣ್ಯವನ್ನು ರದ್ದುಪಡಿಸಿತು. ನಾಲ್ಕು ವರ್ಷ ತುಂಬುವುದರೊಳಗೆ, ಎಂಬತ್ತು ಲಕ್ಷದಷ್ಟಿದ್ದ ಜನರಲ್ಲಿ ಸುಮಾರು 17 ಲಕ್ಷ ಮಂದಿ ಹಸಿವು, ರೋಗ, ಚಿತ್ರಹಿಂಸೆ, ಕೊಲೆಗಳಿಗೆ ಆಹುತಿಯಾದರೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಅಂದಾಜು. ಆ ಸರ್ಕಾರದ ಸೈನಿಕರು ಗಡಿಯಾಚೆಯ ವಿಯೆಟ್ನಾಮಿ ಗ್ರಾಮಗಳ ಮೇಲೂ ಎರಗುತ್ತಿದ್ದರು. 1978ರ ಡಿಸೆಂಬರ್ 25ರಂದು ವಿಯೆಟ್ನಾಂ ದೊಡ್ಡ ಸೈನ್ಯವನ್ನು ನುಗ್ಗಿಸಿ, 1979ರ ಜನವರಿ 7ರಂದು ನಾಮ್ ಪೆನ್ ನಗರವನ್ನು ಹಿಡಿಯಿತು. ಆ ಪೈಶಾಚಿಕ ಹತ್ಯಾಕಾಂಡ ನಿಂತದ್ದು ಹಾಗೆ. ಕುತೂಹಲದ ಸಂಗತಿಯೆಂದರೆ, ಪ್ರಜೆಗಳನ್ನು ಬದುಕಿಸಲು ಹೋದೆವೆಂದು ವಿಯೆಟ್ನಾಂ ಕೂಡ ವಾದಿಸಲಿಲ್ಲ. ಗಡಿಯ ಯುದ್ಧವಷ್ಟೇ ತನ್ನದು, ಸರ್ಕಾರವನ್ನು ಉರುಳಿಸಿದವರು ಕಾಂಬೋಡಿಯದ ಬಂಡುಕೋರರೇ ಎಂದು ಅದು ಹೇಳಿಕೊಂಡಿತು. ಸತ್ತವರ ಹೆಸರನ್ನೆತ್ತುವುದು ಕೊಂದವರಿಗಿರಲಿ, ಕೊಲೆಯನ್ನು ನಿಲ್ಲಿಸಿದವರಿಗೂ ಬೇಕಿರಲಿಲ್ಲ.

ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 13 ಮಂದಿ ವಿದೇಶೀ ಸೈನ್ಯ ಹಿಂತೆಗೆಯಬೇಕೆಂದು ಮತವಿತ್ತರು. ಸೋವಿಯತ್ ಒಕ್ಕೂಟದ ವೀಟೊ ಅದನ್ನು ತಡೆಯಿತು. ಆ ಚರ್ಚೆಯಲ್ಲಿ ಫ್ರಾನ್ಸಿನ ಪ್ರತಿನಿಧಿ ಎತ್ತಿದ ಆಕ್ಷೇಪ ಗಂಭೀರವಾದದ್ದು. ಒಂದು ಆಡಳಿತ ಎಷ್ಟೇ ಹೇಯವಾಗಿರಲಿ, ಆ ಕಾರಣಕ್ಕೆ ಪರಸೈನ್ಯವು ಅದನ್ನು ಉರುಳಿಸಬಹುದೆಂದು ಒಪ್ಪಿದರೆ ಪ್ರತಿಯೊಂದು ಸರ್ಕಾರದ ಆಯುಸ್ಸೂ ನೆರೆಯವರ ತೀರ್ಪಿಗೆ ಒಳಪಟ್ಟೀತೆಂಬುದು ಅದರ ಸಾರ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದುರ್ಬಲ ರಾಷ್ಟ್ರಗಳಿಗೆ ಇದೇ ರಕ್ಷೆ. ಆದರೆ ಅದೇ ಫ್ರಾನ್ಸ್ ಎಂಟು ತಿಂಗಳ ತರುವಾಯ, ಸೆಪ್ಟೆಂಬರ್ 20ರ ರಾತ್ರಿ, ಮಧ್ಯ ಆಫ್ರಿಕದ ರಾಜಧಾನಿ ಬಾಂಗಿಯಲ್ಲಿ ತನ್ನ ಸೈನಿಕರನ್ನು ಇಳಿಸಿ, ಲಿಬಿಯಕ್ಕೆ ಹೋಗಿದ್ದ ಬೊಕಾಸನನ್ನು ಪದಚ್ಯುತಗೊಳಿಸಿ, ತಾನೇ ಕರೆತಂದ ಡೇವಿಡ್ ಡಾಕೊನನ್ನು ಕೂರಿಸಿತು. ಬೊಕಾಸ ಕ್ರೂರಿಯೆಂಬುದರಲ್ಲಿ ಸಂಶಯವಿಲ್ಲ. ಶಾಲಾಮಕ್ಕಳ ಹತ್ಯೆಯಲ್ಲಿ ಅವನ ಹೊಣೆಯನ್ನು ಆಫ್ರಿಕದ ನ್ಯಾಯವೇತ್ತರ ಆಯೋಗವೇ ಎತ್ತಿ ತೋರಿಸಿತ್ತು. ಆದರೂ ಜನವರಿಯ ಸೂತ್ರ ಸೆಪ್ಟೆಂಬರಿನಲ್ಲಿ ಎಲ್ಲಿ ಅಡಗಿತು? (1977ರಲ್ಲಿ ಆತ ಚಕ್ರವರ್ತಿಯ ಕಿರೀಟ ಧರಿಸಿದಾಗ ವೆಚ್ಚಕ್ಕೆ ಒದಗಿದ್ದೂ ಫ್ರಾನ್ಸೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.)

ಉಳಿದವರ ಕೊಳಗಗಳೂ ಇದಕ್ಕಿಂತ ನೆಟ್ಟಗಿರಲಿಲ್ಲ. ಜನವರಿಯಲ್ಲಿ ಸಾರ್ವಭೌಮತ್ವದ ಪರ ಗಟ್ಟಿಯಾಗಿ ವಾದಿಸಿದ ಚೀನ, ಫೆಬ್ರವರಿ 17ರಂದು ವಿಯೆಟ್ನಾಮಿಗೆ ಪಾಠ ಕಲಿಸಲೆಂದು ಅದರ ಗಡಿಯನ್ನು ದಾಟಿತು. ಟಾಂಜಾನಿಯದ ಸೈನ್ಯ ಏಪ್ರಿಲಿನಲ್ಲಿ ಕಂಪಾಲವನ್ನು ಹಿಡಿದು ಇದಿ ಅಮೀನನನ್ನು ಓಡಿಸಿದಾಗ ಭದ್ರತಾ ಮಂಡಳಿ ಯಾವ ಖಂಡನಾ ನಿರ್ಣಯವನ್ನೂ ಮಾಡಲಿಲ್ಲ. ಅಮೀನನಿಗೆ ಬಲಿಷ್ಠ ಮಿತ್ರರಿಲ್ಲದಿದ್ದುದು ಈ ಮೌನಕ್ಕೆ ಒಂದು ಕಾರಣವೆನ್ನದೆ ವಿಧಿಯಿಲ್ಲ. ವರ್ಷಾಂತ್ಯಕ್ಕೆ ಸೋವಿಯತ್ ಸೈನ್ಯ ಆಫ್ಘಾನಿಸ್ತಾನವನ್ನು ಹೊಕ್ಕಿತು. ಅಮೆರಿಕ ಅದನ್ನು ಉಗ್ರವಾಗಿ ಖಂಡಿಸಿತು. 1983ರಲ್ಲಿ ಗ್ರೆನಾಡ, 1989ರಲ್ಲಿ ಪನಾಮಾ ದ್ವಾರಗಳನ್ನು ತಾನೇ ಮುರಿಯಿತು.

ಭಾರತವನ್ನು ಈ ಪಂಕ್ತಿಯಿಂದ ಹೊರಗಿಡುವುದು ಆತ್ಮವಂಚನೆಯಾದೀತು. ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಹರಿದು ಬಂದ ಮೇಲೆ ನಡೆದ ಯುದ್ಧದಲ್ಲಿ, 1971ರ ಡಿಸೆಂಬರ್ 7ರಂದು, ಸೈನ್ಯಗಳು ಹಿಂದಿರುಗಲೆಂದು ಮಹಾಸಭೆಯಲ್ಲಿ 104 ರಾಷ್ಟ್ರಗಳು ಮತವಿತ್ತವು. ಜನರ ಸಂಕಟವನ್ನು ಲೆಕ್ಕಕ್ಕೆ ತಾರದೆ ಗಡಿಯ ಮಾತಷ್ಟನ್ನೇ ಆಡಿದರೆಂದು ಭಾರತ ಆಗ ನೊಂದುಕೊಂಡದ್ದು ಸಕಾರಣವಾಗಿತ್ತು. 1979ರ ಫೆಬ್ರವರಿಯಲ್ಲಿ ಚೀನದಲ್ಲಿದ್ದ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿಯವರು ವಿಯೆಟ್ನಾಮಿನ ಮೇಲಿನ ದಾಳಿಯ ಸುದ್ದಿ ತಿಳಿದು ಪ್ರವಾಸವನ್ನು ಮೊಟಕುಗೊಳಿಸಿ ಹಿಂದಿರುಗಿದರು. ಆದರೆ 1980ರ ಜನವರಿಯಲ್ಲಿ ಆಫ್ಘಾನಿಸ್ತಾನದ ಪ್ರಶ್ನೆ ಮಹಾಸಭೆಗೆ ಬಂದಾಗ, ಸೇನಾಪಸರಣದ ಪರ ಮತ್ತೆ 104 ಮತಗಳೇ ಬಿದ್ದಾಗ, ದೆಹಲಿ ತಟಸ್ಥವಾಗಿ ಉಳಿಯಿತು. ಅದೇ ವರ್ಷ ಜುಲೈಯಲ್ಲಿ ವಿಯೆಟ್ನಾಂ ನೆಲೆಗೊಳಿಸಿದ ಹೆಂಗ್ ಸಮ್ರಿನ್ ಸರ್ಕಾರಕ್ಕೆ ಮಾನ್ಯತೆಯಿತ್ತಿತು. ಗಡಿಯೊಳಗಿನ ಜನ ಬದುಕುವರೋ ಸಾಯುವರೋ ಎಂಬುದೊಂದನ್ನೇ ಅಳತೆಯಾಗಿ ಹಿಡಿದಿದ್ದರೆ ಢಾಕಾ ಮತ್ತು ನಾಮ್ ಪೆನ್‌ಗಳನ್ನು ಭಾರತ ತಲೆಯೆತ್ತಿ ಸಮರ್ಥಿಸಬಹುದಿತ್ತು. ಆದರೆ ಆ ಅಳತೆಗೆ ಕಾಬೂಲ್ ನಿಲ್ಲುತ್ತಿರಲಿಲ್ಲ. ಅಳತೆಯನ್ನು ಹೊರತೆಗೆಯದಿರುವುದೇ ಅನುಕೂಲವಾಗಿ ಕಂಡಿತು.

ಅಳತೆಯನ್ನು ಮುಚ್ಚಿಟ್ಟುದರ ಬೆಲೆಯನ್ನು ತೆತ್ತವರು ಕಾಂಬೋಡಿಯದ ಜನ. ಹವಾನಾದಲ್ಲಿ ಸೇರಿದ ಅಲಿಪ್ತ ರಾಷ್ಟ್ರಗಳು ಅವರ ಪೀಠವನ್ನು ಖಾಲಿ ಇಡುವ ಮಧ್ಯಮಮಾರ್ಗವನ್ನಾದರೂ ಕಂಡುಕೊಂಡವು. ವಿಶ್ವಸಂಸ್ಥೆಯ ಮಹಾಸಭೆಯಾದರೋ, ಫ್ರೆಂಚರು ಬಾಂಗಿಯನ್ನು ಹಿಡಿದಿದ್ದ ಅದೇ ಸೆಪ್ಟೆಂಬರ್ 21ರಂದು, ಚೀನ ಮತ್ತು ಅಮೆರಿಕಗಳ ಬೆಂಬಲದೊಡನೆ, 35ಕ್ಕೆ ಎದುರಾಗಿ 71 ಮತಗಳಿಂದ ಆ ಪೀಠವನ್ನು ಪೋಲ್ ಪಾಟನ ಪ್ರತಿನಿಧಿಗಳಿಗೆ ಕೊಟ್ಟಿತು. 1982ರಲ್ಲಿ ರಾಜಕುಮಾರ ಸಿಹಾನೂಕನ ನೇತೃತ್ವದ ಒಕ್ಕೂಟ ಸರ್ಕಾರವೊಂದನ್ನು ಹೆಣೆದು ಆ ಪೀಠಕ್ಕೆ ಹೊಸ ಹೊದಿಕೆ ಹಾಕಲಾಯಿತು. ಅದರಲ್ಲಿ ವಿದೇಶಾಂಗದ ಹೊಣೆ ಹೊತ್ತ ಉಪಾಧ್ಯಕ್ಷ ಖ್ಮೇರ್ ರೂಜ್ ನಾಯಕ ಖಿಯು ಸಂಫಾನ್. ವಿಶ್ವಸಂಸ್ಥೆಯ ನೆರವಿನಿಂದಲೇ ನಾಮ್ ಪೆನ್‌ನಲ್ಲಿ ಸ್ಥಾಪಿತವಾದ ನ್ಯಾಯಾಲಯವು 2018ರಲ್ಲಿ ಅವನನ್ನು ನರಮೇಧದ ಅಪರಾಧಿಯೆಂದು ಘೋಷಿಸಿತು. 2022ರ ಸೆಪ್ಟೆಂಬರಿನಲ್ಲಿ ಅವನ ಮೇಲ್ಮನವಿ ತಿರಸ್ಕೃತವಾದಾಗ ಅವನಿಗೆ ತೊಂಬತ್ತು ದಾಟಿತ್ತು.