ಹಾಳೂರನ್ನು ಓದುವ ಬಗೆ

ಕಡಲಾಚೆಯ ಪಾಳುನಗರಗಳನ್ನು ಕಂಡುಬಂದವರ ಪ್ರವಾಸಕಥನಗಳನ್ನು ವಾಚಕರಾದ ತಾವೂ ಓದಿರಬಹುದು. ದಟ್ಟವಾದ ಕಾಡು, ಬಳ್ಳಿ ಸುತ್ತಿದ ಗೋಪುರ, ನಿಗೂಢವಾದ ಲಿಪಿ, ಮಾಯವಾಗಿಹೋದ ಜನಾಂಗ; ಈ ನಾಲ್ಕು ಮಾತುಗಳಿಲ್ಲದೆ ಮಧ್ಯ ಅಮೆರಿಕದ ಮಾಯಾ ನಗರಗಳ ವರ್ಣನೆ ಮುಗಿಯುವುದೇ ಅಪರೂಪ. ಇವುಗಳಲ್ಲಿ ಕಡೆಯ ಎರಡು ಮಾತುಗಳು ನಿಜವಲ್ಲ. ಮಾಯಾ ನುಡಿಗಳನ್ನಾಡುವ ಐವತ್ತು ಲಕ್ಷಕ್ಕೂ ಮಿಕ್ಕ ಜನ ಗ್ವಾಟೆಮಾಲಾ, ಮೆಕ್ಸಿಕೊ ದೇಶಗಳಲ್ಲಿ ಇಂದಿಗೂ ಬಾಳುತ್ತಿದ್ದಾರೆ. ಹೆಸರಿನ ಮಾಯೆಗೆ ನಮ್ಮ ಲೇಖಕರು ಮರುಳಾದರೋ ಏನೋ!

ಈ ಪ್ರಕಾರದ ಮೂಲಪುರುಷನೆನ್ನಬಹುದಾದ ಅಮೆರಿಕದ ಜಾನ್ ಲಾಯ್ಡ್ ಸ್ಟೀಫನ್ಸ್ ಹೀಗೆ ಬರೆದವನಲ್ಲ. ಆತ ಚಿತ್ರಕಾರ ಫ್ರೆಡರಿಕ್ ಕ್ಯಾಥರ್‌ವುಡ್ಡನೊಡನೆ 1839ರಲ್ಲಿ ಹೊಂಡುರಾಸಿನ ಕೋಪಾನ್ ಎಂಬ ಹಾಳೂರನ್ನು ಹೊಕ್ಕನು. ಕ್ಯಾಥರ್‌ವುಡ್ಡನು ಕೆಸರಿನಲ್ಲಿ ನಿಂತು, ಸೊಳ್ಳೆಗಳ ಕಾಟಕ್ಕೆ ಕೈಗವಸು ತೊಟ್ಟು, ಒಂದೊಂದು ಕಂಬವನ್ನೂ ಚಿತ್ರಿಸಿದನು. ಇವನ್ನು ಕಟ್ಟಿದವರು ಈಜಿಪ್ಟಿನಿಂದ ಬಂದವರಲ್ಲ, ಆ ನೆಲದ ಮಕ್ಕಳ ಪೂರ್ವಜರೇ ಎಂದೂ, ಕಲ್ಲಿನ ಮೇಲಿರುವುದು ಅವರ ಇತಿಹಾಸವೇ ಇರಬೇಕೆಂದೂ ಸ್ಟೀಫನ್ಸ್ ಊಹಿಸಿದನು. ಅವನಲ್ಲಿಯೂ ದೋಷವಿಲ್ಲದಿಲ್ಲ. ಆ ಹಾಳೂರನ್ನು ಐವತ್ತು ಡಾಲರಿಗೆ ಕೊಂಡೆನೆಂದು ವಿನೋದದಿಂದ ಬರೆದುಕೊಳ್ಳುವ ಭಾಗ ಓದುಗನಿಗೆ ಇರುಸುಮುರುಸಾಗುತ್ತದೆ. ಆದರೂ 1841ರಲ್ಲಿ ಅಚ್ಚಾದ ಆ ಗ್ರಂಥದ ಊಹೆ ಸುಳ್ಳಾಗಲಿಲ್ಲ. ಅಲ್ಲಿನ ಒಂದು ಪೀಠದ ನಾಲ್ಕು ಮಗ್ಗುಲುಗಳಲ್ಲಿ ಕುಳಿತ ಹದಿನಾರು ಮೂರ್ತಿಗಳನ್ನು ಮುಂದಿನ ಪಂಡಿತರು ಜ್ಯೋತಿಷಿಗಳ ಸಭೆಯೆಂದು ಬಗೆದಿದ್ದರು. 1952ರಲ್ಲಿ ಕ್ನೊರೊಜೊವ್, 1960ರಲ್ಲಿ ಪ್ರೊಸ್ಕೂರಿಯಾಕಾಫ್ ಲಿಪಿಯ ಬಾಗಿಲು ತೆರೆದ ಮೇಲೆ, ಅವರು ಕೋಪಾನಿನ ಹದಿನಾರು ಅರಸರೆಂಬುದು ತಿಳಿಯಿತು.

ಇಷ್ಟನ್ನು ಹೇಳಿದ್ದು ನಮ್ಮ ನಾಡಿನ ಮಾತಿಗಾಗಿ. ಗೋಕಾಕದ ಜಲಪಾತವನ್ನು ಕುರಿತು ಬಂದ ಬರೆಹಗಳನ್ನು ತೆರೆದು ನೋಡಿರಿ. ಘಟಪ್ರಭೆಯು 52 ಮೀಟರು ಧುಮುಕುವ ಸೊಬಗು, ತೂಗುಸೇತುವೆ, ಹತ್ತಿಯ ಗಿರಣಿ, ಕೊನೆಗೆ ಕಟ್ಟಿಸಿಕೊಂಡ ಕರದಂಟು. ಅಲ್ಲಿಯೇ ದಂಡೆಯ ಮೇಲೆ ನಿಂತಿರುವ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯಕ್ಕೆ ಒಂದು ವಾಕ್ಯ ಸಂದರೆ ಹೆಚ್ಚು. ಹತ್ತಿರದ ಕೊಣ್ಣೂರಿನ ಕಲ್ಲುಗೋರಿಗಳಿಗೆ ಅದೂ ಇಲ್ಲ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಆ ಬೃಹತ್ ಶಿಲಾಯುಗದ ಸಮಾಧಿಗಳನ್ನು ಪಾಂಡವರ ಮನೆಯೆಂದು ಹೇಳಿ ಸುಮ್ಮನಾಗುತ್ತೇವೆ.

ಮಾಯಾ ಲಿಪಿಯನ್ನೋದಲು ಪಂಡಿತರು ನೂರು ವರ್ಷಕ್ಕೂ ಹೆಚ್ಚು ತಿಣುಕಿದರು. ನಮ್ಮ ಕಲ್ಲುಗಳಿಗೆ ಆ ಕಷ್ಟವೂ ಇಲ್ಲ. ಅವು ಕನ್ನಡದಲ್ಲಿವೆ. ಕೊಣ್ಣೂರಿನ ಶಾಸನವನ್ನೂ, ಈಗ ಮೂಡಲಗಿ ತಾಲೂಕಿಗೆ ಸೇರಿದ ಕಲ್ಲೋಳಿಯ ಶಾಸನವನ್ನೂ ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಟ್ಟರ ಶಾಸನಗಳೊಡನೆ ಪ್ರಕಟಿಸಿದರು. ಕಲ್ಲೋಳಿಯದು ನಾಲ್ಕನೆಯ ಕಾರ್ತವೀರ್ಯನ ಕಾಲದ, ಶಾಂತಿನಾಥ ಬಸದಿಯ ದತ್ತಿಗೆ ಸಂಬಂಧಿಸಿದ ಬರೆಹ. ಆಂಗ್ಲ ಅಧಿಕಾರಿಯೊಬ್ಬರು ಓದಿದ್ದನ್ನು ಅದೇ ಊರಿನ ಅಕ್ಷರಸ್ಥನು ಓದಲಾರದೆ ಪಕ್ಕದಲ್ಲಿ ಹಾದುಹೋಗುವುದೂ, ಹೊಂಡುರಾಸಿನ ಕಲ್ಲನ್ನು ಕುರಿತು ಪುಟಗಟ್ಟಲೆ ಬೆರಗಾಗುವುದೂ ಏಕಕಾಲದಲ್ಲಿ ನಡೆಯುತ್ತಿವೆ. ಅಲ್ಲಿಯ ನಿಗೂಢತೆ ಲಿಪಿಯಲ್ಲಿತ್ತು. ಇಲ್ಲಿಯದು ನಮ್ಮ ಆಲಸ್ಯದಲ್ಲಿದೆ.

ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳ ವಿಷಯದಲ್ಲಿಯೂ ಬರೆಹಗಾರರು ಬಿಜಾಪುರದ ಗೋಲಗುಮ್ಮಟವನ್ನು ನೆನೆದು, ಅದಕ್ಕಿಂತ ಚಿಕ್ಕವು ಎಂದು ಅಳೆದುಬಿಡುತ್ತಾರೆ. ಹೋಲಿಕೆಯಿಂದ ಆರಂಭಿಸಿದವನು ಎದುರಿಗಿರುವುದನ್ನು ನೋಡುವುದಿಲ್ಲ. ಸ್ಟೀಫನ್ಸನ ಪುಸ್ತಕದಿಂದ ನಮ್ಮ ಪ್ರವಾಸಿ ಲೇಖಕರು ಕಡ ತರಬೇಕಾದದ್ದು ಕಾಡಿನ ವರ್ಣನೆಯನ್ನಲ್ಲ, ಕ್ಯಾಥರ್‌ವುಡ್ಡನು ಕೆಸರಿನಲ್ಲಿ ನಿಂತ ಆ ತಾಳ್ಮೆಯನ್ನು. ತಾವು ಮುಂದಿನ ಸಲ ಗೋಕಾಕಕ್ಕೆ ಹೋದಾಗ, ನೀರನ್ನು ನೋಡಿದ ಮೇಲೆ ಒಂದು ತಾಸು ಕೈಯಲ್ಲಿಟ್ಟುಕೊಂಡು ಕೊಣ್ಣೂರಿನ ಕಡೆಗೂ ಹೊರಳಿರಿ.