ನಾದಿರಾ ಯಾಕೆ ಬದುಕು ಕಟ್ಟಿಕೊಳ್ಳಲಿಲ್ಲ?



ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಓದಿದ ನಮ್ಮ ಮಾಹೂಝ್ ಬಳಗದವರದು ಹೆಚ್ಚುಕಡಿಮೆ ಒಂದೇ ದೂರು: ತಲಾಖ್ ಆದ ಮೇಲೆ ನಾದಿರಾ ಬೇರೆ ಬದುಕು ಕಟ್ಟಿಕೊಳ್ಳಬಾರದಿತ್ತೆ, ಕೆರೆಗೆ ಯಾಕೆ ಹಾರಬೇಕಿತ್ತು? ‘ಹೆಣ್ಣನ್ನು ಸೋಲಿಸಿಬಿಟ್ಟರು’ ಎಂದರು ಒಬ್ಬರು.

ನನಗೆ ಹಾಗನ್ನಿಸದು. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾಸರಗೋಡು ಕಡೆಯ ಕಥೆಯಲ್ಲಿ ಗಂಡ ಹೆಂಡಿರು ಬೇರೆಯಾಗಲು ಬಯಸಿದವರೇ ಅಲ್ಲ. ಅಳಿಯ ಹಣ ಕೊಡಲಿಲ್ಲವೆಂದು ಅಪ್ಪ ಮಹಮ್ಮದ್ ಖಾನ್ ಮಗಳನ್ನು ಮನೆಗೆ ಕರೆತಂದು ಸಂಬಂಧ ಕಡಿಯುತ್ತಾನೆ. (ಈ ಅಪ್ಪನ ಪಾತ್ರ ಕೊಂಚ ಒಂದೇ ಬಣ್ಣದ್ದು, ಒಪ್ಪಿದೆ.) ಅವಳಿಗೆ ಬೇಕಾದದ್ದು ರಶೀದನೊಂದಿಗಿನ ಹಳೆಯ ಸಂಸಾರವೇ. ಅದಕ್ಕೆ ಮೊದಲು ಬೇರೊಬ್ಬನನ್ನು ಮದುವೆಯಾಗಿ, ಅವನೊಂದಿಗೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಅವಳು ಮಸೀದಿಯ ಕೆರೆಯ ಕಡೆ ನಡೆಯುವುದು ಈ ಷರತ್ತಿನಿಂದಾಗಿ. ಸೋಲು ಎಂದವರು ಆ ಪುಟಗಳನ್ನು ಇನ್ನೊಮ್ಮೆ ಓದಬೇಕು.

2019ರ ಕಾಯ್ದೆ ಬಂದ ಮೇಲೆ ಕಾದಂಬರಿ ಹಳತಾಯಿತು ಎಂಬ ಮಾತೂ ಬಂತು. ಆ ಕಾಯ್ದೆ ದಿಢೀರ್ ತಲಾಖ್ ಹೇಳಿದ ಗಂಡನಿಗೆ 3 ವರ್ಷದವರೆಗೆ ಜೈಲು ವಿಧಿಸುತ್ತದೆ. ನಾದಿರಾಳ ಮನೆ ಮುರಿದವನು ಅಪ್ಪ. ರಶೀದನನ್ನು ಜೈಲಿಗೆ ಕಳಿಸಿದರೆ ಅವಳಿಗೆ ಸಿಕ್ಕಿದ್ದೇನು?