ಬ್ಲ್ಯಾಕನ ದಂತಚಿಕಿತ್ಸಾಗ್ರಂಥ: ಸೂತ್ರವೂ ನಿಯಮವೂ

ಅಮೆರಿಕದ ದಂತವೈದ್ಯನಾದ ಗ್ರೀನ್ ವಾರ್ಡಿಮನ್ ಬ್ಲ್ಯಾಕನು (1836–1915) 1908ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಗ್ರಂಥವು ಹುಳುಕುಹಲ್ಲನ್ನು ಕೊರೆದು ತುಂಬುವ ಕೆಲಸವನ್ನು ಶಾಸ್ತ್ರಕ್ರಮಕ್ಕೆ ತಂದಿತು. ಇದರಲ್ಲಿ ಕಠಿನವಾದುದು ಎರಡು ದವಡೆಹಲ್ಲುಗಳು ತಾಗುವ ಸಂದಿನ ಹುಳುಕು. ಅಲ್ಲಿಗೆ ದೃಷ್ಟಿ ಹೊಗದು, ನೆಟ್ಟನೆಯ ಅಲಗು ಮುಟ್ಟದು.

ಗ್ರಂಥದ ಮುಖ್ಯ ಗುಣವು ಉಪಕರಣಗಳ ನಾಮಕರಣದಲ್ಲಿದೆ. ಉಳಿ, ಗುದ್ದಲಿ, ಕೊಡಲಿ ಎಂಬ ಬಳಕೆಯ ಹೆಸರುಗಳ ಮೇಲೆ ಬ್ಲ್ಯಾಕನು ಮೂರಂಕಿಗಳ ಸೂತ್ರವನ್ನು ಕಟ್ಟಿದನು. 10–7–14 ಎಂದರೆ ಅಲಗಿನ ಅಗಲ ಮಿಲಿಮೀಟರಿನ 10 ದಶಾಂಶ, ಉದ್ದ 7 ಮಿಲಿಮೀಟರು, ಹಿಡಿಗೂ ಅಲಗಿಗೂ ನಡುವಣ ಕೋನ ವೃತ್ತದ 14 ಶತಾಂಶ, ಅಂದರೆ ಸುಮಾರು 50 ಡಿಗ್ರಿ. ಸಂದಿನ ಕುಳಿಯಲ್ಲಿ ಒಸಡಿನ ಕಡೆಯ ಅಂಚನ್ನು ಸವರುವ ಉಪಕರಣಕ್ಕೆ ಬಾಯಿಯೇ ಓರೆಯಾದುದರಿಂದ ನಾಲ್ಕನೆಯ ಅಂಕಿಯೂ ಬೇಕಾಯಿತು. ಕೈಚಳಕವಾಗಿದ್ದುದು ಹೀಗೆ ಅಂಕಿಯಾದ ಮೇಲೆ ಅದನ್ನು ಎಲ್ಲಿಯೂ ತಯಾರಿಸಬಹುದು, ಅಂಗಾಂಗವಾಗಿ ತಿದ್ದಬಹುದು.

ದೋಷವಿರುವುದು ನಿಯಮದಲ್ಲಿ. ಹುಳುಕು ಮರುಕಳಿಸದಂತೆ ಕುಳಿಯನ್ನು ಆರೋಗ್ಯವಾದ ಭಾಗಕ್ಕೂ ವಿಸ್ತರಿಸಬೇಕೆಂದು ಬ್ಲ್ಯಾಕನು ವಿಧಿಸಿದನು. ರೋಗಿಯು ಕೆಡದ ಹಲ್ಲನ್ನೂ ತೆರಬೇಕಾಯಿತು. 1955ರಲ್ಲಿ ಬ್ಯೂನೊಕೋರನು ಆಮ್ಲದಿಂದ ಎನಾಮಲಿಗೆ ರಾಳವನ್ನು ಅಂಟಿಸುವ ಕ್ರಮವನ್ನು ತೋರಿದ ಬಳಿಕ ಆ ತ್ಯಾಗವು ಕ್ರಮೇಣ ಅನಾವಶ್ಯಕವಾಯಿತು. ನಿಯಮವು ಸಡಿಲಿದರೂ ಸೂತ್ರವು ನಿಂತಿದೆ: ಅಳತೆಗೆ ಸಿಕ್ಕಿದುದು ತಿದ್ದುಪಡಿಗೂ ಸಿಕ್ಕುತ್ತದೆ.